ಮಲ್ಲಪ್ಪನ ಹಿಕ್ಕೆ ಲೆಕ್ಕ

ಶುಕ್ರವಾರ ಬೆಳಗ್ಗೆ ಏಳೂವರೆ. ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ವರಾಂಡದಲ್ಲಿ ವೆಂಕಟೇಶಮೂರ್ತಿಗಳು ನೆಲದ ಮೇಲೆ ಹಳೇ ಪೇಪರ್ ಹರಡಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಐಸ್‌ಕ್ರೀಮ್ ಕಡ್ಡಿಯಿಂದ ಏನನ್ನೋ ಐದೈದಾಗಿ ಪಕ್ಕಕ್ಕೆ ತಳ್ಳುತ್ತಿದ್ದರು. ಎದುರುಮನೆಯ ಮೇಷ್ಟ್ರು ಎಂದಿನಂತೆ ಪೇಪರ್ ಓದಲು ಬಂದವರು ಹೊಸ್ತಿಲಲ್ಲೇ ನಿಂತರು.

“ಏನ್ರೀ ಮೂರ್ತಿಗಳೇ, ಬೆಳಬೆಳಗ್ಗೆ ಕಡಲೆಕಾಳು ಆರಿಸ್ತಾ ಇದೀರಾ?”

“ಮಾತಾಡಿಸ್ಬೇಡಿ ಮೇಷ್ಟ್ರೇ. 185… 190…”

“ಹಿಕ್ಕೆ ಮೇಷ್ಟ್ರೇ, ಮೊಲದ ಹಿಕ್ಕೆ,” ಸರೋಜಮ್ಮ ಒಳಗಿನಿಂದಲೇ ಹೇಳಿದರು. “ಬ್ಯಾಂಕಲ್ಲಿ ಮೂವತ್ತೈದು ವರ್ಷ ನೋಟು ಎಣಿಸಿದ ಕೈ. ರಿಟೈರ್ ಆದ್ಮೇಲೆ ಸುಮ್ನಿರು ಅಂದ್ರೆ ಇರುತ್ತಾ? ಬನ್ನಿ, ಶುಕ್ರವಾರದ ಉಸಲಿ ಇದೆ, ತಿನ್ನಿ.”

ಮೇಷ್ಟ್ರು ತಟ್ಟೆಯಲ್ಲಿದ್ದ ಕಡಲೆಕಾಳನ್ನೊಮ್ಮೆ, ಪೇಪರಿನ ಮೇಲಿದ್ದ ರಾಶಿಯನ್ನೊಮ್ಮೆ ನೋಡಿದರು. ಗಾತ್ರ ಅದೇ, ಬಣ್ಣವೂ ಹೆಚ್ಚುಕಮ್ಮಿ ಅದೇ.

“ಆಮೇಲೆ ತಿಂತೀನಿ ತಾಯಿ.”

ಮೊಲದ ಹೆಸರು ಮಲ್ಲಪ್ಪ. ಮಗಳು ಪಿಯುಸಿ ಓದುವಾಗ ಮನೆಗೆ ತಂದು ಇಟ್ಟ ಹೆಸರು ಮಾರ್ಷ್‌ಮ್ಯಾಲೋ. ಅದು ಸರೋಜಮ್ಮನ ಬಾಯಲ್ಲಿ ಮಲ್ಲೋ ಆಗಿ, ಮಲ್ಲು ಆಗಿ, ಕೊನೆಗೆ ಮಲ್ಲಪ್ಪನಾಗಿ ನಿಂತಿತು. ಮಗಳು ಕೆಲಸ ಸಿಕ್ಕಿ ಪುಣೆಗೆ ಹೋದಳು. ಮಲ್ಲಪ್ಪ ಇಲ್ಲೇ ಉಳಿದ, ಜೊತೆಗೆ ಅವನ ಹಲ್ಲಿನ ಕಾಯಿಲೆಯೂ ಉಳಿಯಿತು. ಪಶುವೈದ್ಯರ ಚೀಟಿಯಲ್ಲಿ ಅವನು ‘ಮಲ್ಲಪ್ಪ ಮೂರ್ತಿ, ಗಂಡು, 5 ವರ್ಷ, 1.8 ಕೆ.ಜಿ.’

“ಅಲ್ರೀ, ಎಣಿಸಿ ಏನ್ಮಾಡ್ತೀರಿ? ಸೇವಿಂಗ್ಸ್‌ಗೆ ಹಾಕ್ತೀರಾ?”

“195.” ಮೂರ್ತಿಗಳು ಕೆಂಪು ಬೈಂಡಿನ ಲೆಡ್ಜರ್‌ನಲ್ಲಿ ಬರೆದುಕೊಂಡರು. “ನಿನ್ನೆ 240, ಮೊನ್ನೆ 260. ಇವತ್ತು ಗಾತ್ರಾನೂ ಸಣ್ಣ. ಚೆನ್ನಾಗಿರೋ ಮೊಲ ದಿನಕ್ಕೆ 200ರಿಂದ 300 ಹಾಕುತ್ತೆ ಮೇಷ್ಟ್ರೇ. ಇಳೀತು ಅಂದ್ರೆ ಹೊಟ್ಟೆಗೆ ಹೋಗ್ತಿಲ್ಲ ಅಂತ. ಹನ್ನೆರಡು ಗಂಟೆ ಏನೂ ತಿನ್ನದೆ ಹಿಕ್ಕೆಯೂ ನಿಂತುಹೋದ್ರೆ ಕರುಳೇ ನಿಂತುಹೋಯ್ತು ಅಂತ, ತಕ್ಷಣ ಡಾಕ್ಟ್ರ ಹತ್ರ ಓಡಬೇಕು.”

“ನೋವಾದ್ರೆ ಕಿರುಚಲ್ವಾ?”

“ಕಾಡಲ್ಲಿ ಕುಂಟೋ ಮೊಲಾನೇ ನರಿ ಮೊದಲು ಹಿಡಿಯೋದು. ಅದಕ್ಕೇ ಇವು ನೋವನ್ನ ಮುಚ್ಚಿಟ್ಕೊಳ್ತವೆ. ಸೊಸೈಟಿ ಲೆಕ್ಕದ ಹಾಗೆ, ಆಡಿಟ್ ಮಾಡಿದ್ರೇನೇ ಹೊರಗೆ ಬರೋದು.”

ಮೇಷ್ಟ್ರಿಗೆ ಇಷ್ಟಕ್ಕೆಲ್ಲ ಸಮಾಧಾನವಾಗುವುದಿಲ್ಲ. ಬೀದಿಯಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ಅವರ ಹತ್ತಿರ ಒಂದು ಮದ್ದು ತಯಾರಿರುತ್ತದೆ. “ಹಲ್ಲುನೋವು ತಾನೇ? ಕೀಳಿಸಿಬಿಡಿ. ನಾನು ನಾಲ್ಕು ಕೀಳಿಸಿದೀನಿ, ಆರಾಮಾಗಿಲ್ವಾ?”

“ನಿಮ್ಮ ಹಲ್ಲು ಬೆಳೆಯಲ್ಲ. ಇವನ ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತೆ, ಸಾಯೋವರೆಗೂ. ವರ್ಷಕ್ಕೆ ಎಷ್ಟಾಯ್ತು?”

ಗಣಿತದ ಮೇಷ್ಟ್ರು ಗಾಳಿಯಲ್ಲೇ ಗುಣಿಸಿದರು. “52 ವಾರ… 10ರಿಂದ 15 ಸೆಂಟಿಮೀಟರ್! ಜಾಮಿಟ್ರಿ ಬಾಕ್ಸಿನ ಸ್ಕೇಲಲ್ರೀ ಇದು!”

“ದವಡೆ ಹಲ್ಲೂ ಹಾಗೇನೇ. ಒಟ್ಟು 28. ಹುಲ್ಲು ಅಗೀತಾ ಇದ್ರೆ ಒಂದಕ್ಕೊಂದು ತೇದು ಸವೀತವೆ. ಅಗಿಯೋದು ಕಡಿಮೆಯಾಯ್ತೋ, ಅಂಚಲ್ಲಿ ಮುಳ್ಳು ಏಳುತ್ತೆ. ಕೆಳಗಿನದು ನಾಲಿಗೆಗೆ ಚುಚ್ಚುತ್ತೆ, ಮೇಲಿನದು ಕೆನ್ನೆಗೆ. ಬಾಯೆಲ್ಲ ಹುಣ್ಣಾದ್ಮೇಲೆ ಹುಲ್ಲು ಹೇಗೆ ತಿಂತಾನೆ? ತಿನ್ನದಿದ್ರೆ ಹಲ್ಲು ಇನ್ನೂ ಬೆಳೆಯುತ್ತೆ.”

“ಮೊದಲು ಹುಲ್ಲು ಯಾಕೆ ಬಿಟ್ಟ?”

ಮೂರ್ತಿಗಳು ಲೆಡ್ಜರ್ ಮುಚ್ಚಿ ಅದರ ಬೈಂಡನ್ನು ಒರೆಸತೊಡಗಿದರು. ಉತ್ತರ ಅಡುಗೆಮನೆಯಿಂದ ಬಂತು.

“ಮಾರಿ ಬಿಸ್ಕತ್ತು! ಮೂರು ವರ್ಷ, ದಿನಾ ಬೆಳಗ್ಗೆ. ಇವರು ಕಾಫಿಗೆ ಅದ್ದಿ, ಅವನು ಒಣದು. ಇಬ್ರೂ ಎದುರುಬದುರು ಕೂತು ಪ್ಯಾಕೆಟ್ ಮುಗಿಸೋರು.”

“ಇಷ್ಟಪಟ್ಟು ತಿಂತಿದ್ದ ಸರೋಜ.”

“ಬೋಂಡ ನೀವೂ ಇಷ್ಟಪಟ್ಟೇ ತಿಂತೀರಿ. ಡಾಕ್ಟ್ರು ಏನಂದ್ರು?”

ಈಗ ಮಲ್ಲಪ್ಪನ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲು ಒಣಹುಲ್ಲೇ ಇರಬೇಕೆಂದು ಕಟ್ಟಪ್ಪಣೆ. ಮೇಲೆ ಒಂದಿಷ್ಟು ಗರಿಕೆ, ಕೊತ್ತಂಬರಿ ಸೊಪ್ಪು, ಚಿಟಿಕೆಯಷ್ಟು ಪೆಲೆಟ್. ಕ್ಯಾರೆಟ್ ಎಂದರೆ ಮನುಷ್ಯರಿಗೆ ಮೈಸೂರುಪಾಕ್ ಇದ್ದ ಹಾಗೆ, ಹಬ್ಬಕ್ಕೊಂದು ಚೂರು. ಕಾರ್ಟೂನಿನ ಬಗ್ಸ್ ಬನ್ನಿ 1940ರಿಂದಲೂ ಕ್ಯಾರೆಟ್ ಕಡಿಯುತ್ತ ನಿಂತಿದೆ. ಅದರ ಸಾಲವನ್ನು ನಿಜವಾದ ಮೊಲಗಳು ಇವತ್ತಿಗೂ ತೀರಿಸುತ್ತಿವೆ.

“ಸರಿ, ಕೀಳೋದು ಬೇಡ. ಉಗುರು ಕತ್ತರಿಸೋ ಕಟರ್‌ನಲ್ಲಿ ತುದಿ ಚಿಕ್ಕದು ಮಾಡಿ.”

“ಹಲ್ಲು ಉದ್ದಕ್ಕೆ ಸೀಳುತ್ತೆ ಮೇಷ್ಟ್ರೇ, ಬೇರಲ್ಲಿ ಕೀವು ಕಟ್ಟುತ್ತೆ. ಎರಡು ತಿಂಗಳಿಗೊಮ್ಮೆ ಮತ್ತು ಬರಿಸಿ, ಸಣ್ಣ ಡ್ರಿಲ್ಲಿಂದ ಮುಳ್ಳನ್ನ ಉಜ್ಜಿ ತೆಗೀತಾರೆ. ಬರೋ ಏಕಾದಶಿ ದಿನವೇ ಡೇಟು ಸಿಕ್ಕಿದೆ.”

“ಒಳ್ಳೇದೇ ಆಯ್ತು, ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೇಲಿರ್ಬೇಕಲ್ಲ.”

“ಏಕಾದಶಿ ಇವಳಿಗೆ, ಮಲ್ಲಪ್ಪನಿಗಲ್ಲ. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ. ಉಪವಾಸ ಕೆಡವಿದ್ರೆ ಕರುಳೇ ನಿಲ್ಲುತ್ತೆ. ಆಪರೇಷನ್ ಟೇಬಲ್ ಹತ್ತೋವರೆಗೂ ಹುಲ್ಲು ಮುಂದಿರ್ಬೇಕು.”

ಮೇಷ್ಟ್ರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದರು. ಹಲ್ಲು ಕೀಳಿಸಿದಾಗ ಉಳಿದದ್ದು, ಅಮಾಕ್ಸಿಸಿಲಿನ್, ಮೂರು ಕ್ಯಾಪ್ಸೂಲ್. “ಅರ್ಧ ಕೊಡಿ. ಬಾಯಿಹುಣ್ಣು ಒಣಗುತ್ತೆ.”

ಸರೋಜಮ್ಮ ಸೌಟು ಹಿಡಿದೇ ಹೊರಗೆ ಬಂದರು. ಮಾತ್ರೆ ಮೇಷ್ಟ್ರ ಕೈಯಿಂದ ಅವರ ಕೈಗೆ, ಅಲ್ಲಿಂದ ಗೋಡೆಯ ಕಪಾಟಿನ ಮೇಲಿನ ಗೂಡಿಗೆ ಹೋಯಿತು. “ನಮಗೆ ಒಗ್ಗುತ್ತೆ, ನಾಯಿಗೂ ಕೊಡ್ತಾರೆ. ಮೊಲದ ಹೊಟ್ಟೆಗೆ ಹೋಯ್ತೋ, ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಮೆರೀತವೆ. ಆಮೇಲೆ ಭೇದಿ, ಆಮೇಲೆ ಪ್ರಾಣ. ನಿಮ್ಮನೆ ನಾಯಿಗೆ ಹೊಡೀತೀರಲ್ಲ ಉಣ್ಣೆ ಸ್ಪ್ರೇ, ಫಿಪ್ರೋನಿಲ್ಲೋ ಏನೋ, ಅದೂ ಇವನಿಗೆ ವಿಷ. ಸ್ಪ್ರೇ ಹೊಡೆದ ದಿನ ಈ ಕಡೆ ಬರಬೇಡಿ.”

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀರಲ್ಲ ತಾಯಿ, ನಾನು ಹೇಳಿದ್ದು ಒಂದೂ ಸರಿಯಿಲ್ವಾ?”

“ಎಣಿಸಿ ಬೇಕಾದ್ರೆ. ಕಾಲು ನಾಲ್ಕೇ. ಮುಂದಿನ ಪಾದಕ್ಕೆ ಐದೈದು, ಹಿಂದಿನದಕ್ಕೆ ನಾಲ್ಕ್ನಾಲ್ಕು, ಉಗುರು 18. ಕತ್ತರಿಸೋಳು ನಾನು.”

ಮೇಷ್ಟ್ರು ಸುಮ್ಮನೆ ಸೋಲುವವರಲ್ಲ. “ಇದೂ ಒಂದು ಮೊಲಾನಾ? ಹರಿಹರ-ಬುಕ್ಕರ ಬೇಟೆನಾಯಿಗಳನ್ನೇ ಅಟ್ಟಿಸ್ಕೊಂಡು ಹೋಗಿ ಹಂಪೆ ಕಟ್ಟಿಸಿದ ಜಾತಿ ಕಣ್ರೀ! ಇದು ನೋಡಿದ್ರೆ ಕೊತ್ತಂಬರಿ ಕಡ್ಡಿಗೆ ಸೋಲುತ್ತೆ.”

“ಅದು ಕಾಡುಮೊಲ, ಬಯಲಲ್ಲೇ ಹೆರುತ್ತೆ, ಮರಿ ಕಣ್ಣು ಬಿಟ್ಕೊಂಡೇ ಹುಟ್ಟುತ್ತೆ. ಅದನ್ನ ಮನೇಲಿ ಸಾಕಿದ್ರೆ 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಮಲ್ಲಪ್ಪನ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಕಡೆ ಬಿಲದಲ್ಲಿದ್ದೋರು, ಹಂಪೆಗೂ ಇವನಿಗೂ ಸಂಬಂಧವಿಲ್ಲ,” ಎಂದು ಮೂರ್ತಿಗಳು ಕೇಸನ್ನು ಅಲ್ಲಿಗೇ ಮುಗಿಸಿದರು.

ಎಂಟು ಗಂಟೆಗೆ ಗಂಜಿ. ಪೆಲೆಟ್ ನೆನೆಸಿ, ಮಿಕ್ಸಿಗೆ ಹಾಕಿ, ಶೋಧಿಸಿದ ಹಸಿರು ಗಂಜಿ. ಉಗುರುಬೆಚ್ಚಗಿದೆಯೇ ಎಂದು ಸರೋಜಮ್ಮ ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೋಡಿದರು.

“ಎತ್ತಿಕೊಳ್ಳಿ ಮೇಷ್ಟ್ರೇ.”

“ಕಿವಿ ಹಿಡಿದು ತಾನೇ?”

“ಅದು ಕ್ಲಾಸಲ್ಲಿ ಹುಡುಗರನ್ನ ಎತ್ತಿದ ಅಭ್ಯಾಸ! ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ. ಗಾಬರಿಯಲ್ಲಿ ಜೋರಾಗಿ ಒದ್ರೆ ಅವನ ಬೆನ್ನುಮೂಳೆಯೇ ಮುರಿಯುತ್ತೆ.”

ಹೂರಣಕ್ಕೆ ಕಣಕ ಮುಚ್ಚುವ ಹಾಗೆ ಸರೋಜಮ್ಮ ಮಲ್ಲಪ್ಪನನ್ನು ಹಳೇ ಟವಲಿನಲ್ಲಿ ಸುತ್ತಿ, ಮುಖವೊಂದನ್ನೇ ಹೊರಗೆ ಬಿಟ್ಟರು. ಬಾಚಿಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಮೊಲದ ಬಾಯಲ್ಲಿ ಖಾಲಿ ಜಾಗವಿದೆ. ಸೂಜಿಯಿಲ್ಲದ ಸಿರಿಂಜ್ ಅಲ್ಲಿ ಬದಿಯಿಂದ ತೂರಬೇಕು. ಅರ್ಧ ಎಂ.ಎಲ್. ಒತ್ತಿ, ಕೈ ನಿಲ್ಲಿಸಬೇಕು. ಮೂತಿ ಅಡ್ಡಡ್ಡ ಆಡುತ್ತದೆ, ಮೀಸೆ ನಡುಗುತ್ತದೆ, ಗಂಟಲು ಒಮ್ಮೆ ಏರಿ ಇಳಿಯುತ್ತದೆ. ಆಮೇಲೆ ಮುಂದಿನ ಅರ್ಧ. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಇಪ್ಪತ್ತು ಎಂ.ಎಲ್. ಗಂಜಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಅದರಲ್ಲಿ ಸುಮಾರು ನಾಲ್ಕು ಎಂ.ಎಲ್. ಮೇಷ್ಟ್ರ ಬಿಳಿ ಷರಟಿನ ಮೇಲಿತ್ತು.

ಕೊನೆಗೆ ನೋವಿನ ಔಷಧ, ಮೆಲಾಕ್ಸಿಕಾಮ್. ಸಿಹಿಯಾಗಿರುವುದರಿಂದ ಅದಕ್ಕೆ ಟವಲು ಬೇಕಿಲ್ಲ, ಮಲ್ಲಪ್ಪ ತಾನೇ ಕತ್ತು ಚಾಚಿ ನೆಕ್ಕುತ್ತಾನೆ.

“ಇದೆಲ್ಲ ಯಾವಾಗ ವಾಸಿಯಾಗುತ್ತೆ?”

“ಆಗಲ್ಲ,” ಸರೋಜಮ್ಮ ಸಿರಿಂಜ್ ತೊಳೆಯುತ್ತ ಹೇಳಿದರು. ಇವತ್ತು ನೀರು ಬರಲ್ಲ ಎನ್ನುವ ದನಿಯಲ್ಲೇ.

“ಆಗಲ್ವಾ? ಮತ್ತೆ ಈ ಖರ್ಚಲ್ಲಿ ಹತ್ತು ಹೊಸ ಮೊಲ ಬರ್ತಿತ್ತಲ್ಲ!”

“ನಿಮ್ಮ ಶುಗರ್ ಮಾತ್ರೆ ಖರ್ಚಲ್ಲಿ ಎಷ್ಟು ಮೇಷ್ಟ್ರು ಬರ್ತಿದ್ರು, ಲೆಕ್ಕ ಹಾಕಿದೀರಾ?”

ಮೇಷ್ಟ್ರು ಹಾಕಿರಲಿಲ್ಲ. ಮೊಲಗಳು ಚೆನ್ನಾಗಿ ನೋಡಿಕೊಂಡರೆ ಎಂಟು-ಹತ್ತು ವರ್ಷ ಬದುಕುತ್ತವೆ ಎಂದು ಮೂರ್ತಿಗಳು ಮೆಲ್ಲಗೆ ಸೇರಿಸಿದರು. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡುವುದನ್ನೂ, ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದನ್ನೂ ಹೇಳುತ್ತಿದ್ದರು. ಅಷ್ಟರಲ್ಲಿ ಜಮಖಾನದ ಮೇಲೆ ಕೂತಿದ್ದ ಮಲ್ಲಪ್ಪ, ಯಾರೋ ತಳ್ಳಿದ ಹಾಗೆ, ಧೊಪ್ಪನೆ ಪಕ್ಕಕ್ಕೆ ಉರುಳಿ ಕಾಲು ಚಾಚಿಬಿಟ್ಟ.

“ಅಯ್ಯೋ, ಹೋಗ್ಬಿಟ್ನಲ್ರೀ!” ಮೇಷ್ಟ್ರು ಎದ್ದ ರಭಸಕ್ಕೆ ಕುರ್ಚಿ ಬಿತ್ತು. “ಗಂಗಾಜಲ ಇದೆಯಾ? ತುಳಸಿ? ಬಾಯಿಗೆ ಎರಡು ತೊಟ್ಟು ಬಿಡಿ!” ಅವರು ದೇವರಮನೆಯ ಕಡೆ ಓಡಿದರು. ಪಂಚಪಾತ್ರೆಯೊಂದಿಗೆ ವಾಪಸು ಬಂದಾಗ ಗಂಡ ಹೆಂಡತಿ ಇಬ್ಬರೂ ಕದಲದೆ ಕೂತಿದ್ದರು. ಸರೋಜಮ್ಮನ ತುಟಿಯ ಮೇಲೆ ಬೆರಳಿತ್ತು.

“ಶ್. ಬಗ್ಗಿ ಕಿವಿಗೊಟ್ಟು ಕೇಳಿ.”

ಮೇಷ್ಟ್ರು ಮಂಡಿಯೂರಿ ಬಗ್ಗಿದರು. ಮಲ್ಲಪ್ಪನ ಬಾಯಿಂದ ಮೆಲ್ಲಗೆ ಕಟಕಟ ಸದ್ದು ಬರುತ್ತಿತ್ತು. ಕಣ್ಣು ಅರೆಮುಚ್ಚಿತ್ತು.

“ಹಲ್ಲು ಮೆಲ್ಲಗೆ ಮಸೆದ್ರೆ ಖುಷಿ, ಜೋರಾಗಿ ಕಡಿದ್ರೆ ನೋವು,” ಮೂರ್ತಿಗಳು ಪಿಸುಗುಟ್ಟಿದರು. “ಉರುಳಿ ಬಿದ್ದದ್ದು ನೆಮ್ಮದಿಗೆ. ಹೀಗೆ ಬಿದ್ದು ಇವತ್ತಿಗೆ ಹನ್ನೊಂದು ದಿನ ಆಗಿತ್ತು.” ಅವರು ಲೆಡ್ಜರ್ ತೆರೆದು ಕೊನೆಯ ಕಾಲಮ್ಮಿನಲ್ಲಿ ಒಂದು ಟಿಕ್ ಹಾಕಿದರು. ಮೇಷ್ಟ್ರು ಪಂಚಪಾತ್ರೆಯ ತೀರ್ಥವನ್ನು ತಾವೇ ಕುಡಿದು, ತಣ್ಣಗಾದ ಉಸಲಿಯ ತಟ್ಟೆಯನ್ನು ಕೈಗೆ ತೆಗೆದುಕೊಂಡರು.

ಎರಡು ವಾರದ ಮೇಲೆ ಶಿವಮೊಗ್ಗದಲ್ಲಿ ಸರೋಜಮ್ಮನ ತಮ್ಮನ ಮಗನ ಮದುವೆ ಬಂತು. ಹೊಸದಾಗಿ ಹಲ್ಲು ಉಜ್ಜಿಸಿಕೊಂಡಿದ್ದ ಮಲ್ಲಪ್ಪನನ್ನು ಬಸ್ಸಿನಲ್ಲಿ ಕರೆದೊಯ್ಯುವಂತಿಲ್ಲ. ಬೀಗದ ಕೈ, ಸಿರಿಂಜ್, ಟವಲು, ಲೆಡ್ಜರ್ ಎಲ್ಲವೂ ಎದುರುಮನೆಗೆ ಹೋದವು. ಅಲ್ಲಿನ ನಾಯಿಗೆ ಹದಿನೈದು ದಿನದಿಂದ ಸ್ಪ್ರೇ ಹೊಡೆದಿರಲಿಲ್ಲ.

ಧಾರೆಯ ಹೊತ್ತಿಗೆ ಸರಿಯಾಗಿ ಮೂರ್ತಿಗಳ ಫೋನು ಬಡಿದುಕೊಂಡಿತು. ಓಲಗದ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಅವರು ಕಂಬದ ಮರೆಗೆ ಹೋದರು.

“ಮೂರ್ತಿಗಳೇ, 231.”

“ಭೇಷ್! ಗಾತ್ರ?”

“ಫಸ್ಟ್ ಕ್ಲಾಸ್. ಹುಲ್ಲೂ ತಾನೇ ಎಳೆದು ತಿಂದ. ಆದ್ರೆ ಒಂದು ಸಣ್ಣ ತೊಂದರೆ.”

“ಏನು? ಗಂಜಿ ಉಗುಳಿದ್ನಾ?”

“ಅವನಲ್ಲ, ನಾನು. ಅವನ ಪಕ್ಕದಲ್ಲೇ ಕೂತು ತಿಂಡಿ ತಿಂದೆ. ನಮ್ಮನೇಲೂ ಇವತ್ತು ಉಸಲಿ. ಒಂದು ಕಾಳು ಜಾರಿ ಪೇಪರ್ ಮೇಲೆ ಬಿತ್ತು. ಈಗ ಅಲ್ಲಿರೋದು 231 ಹಿಕ್ಕೇನೋ, 230 ಹಿಕ್ಕೆ ಒಂದು ಕಾಳೋ, ನನ್ನ ಕಣ್ಣಿಗೆ ಗೊತ್ತಾಗ್ತಿಲ್ಲ.”

ಮೂರ್ತಿಗಳು ಗಂಭೀರರಾದರು. “ಅನುಮಾನದ ಎಂಟ್ರಿಯನ್ನ ಅಸಲು ಲೆಕ್ಕಕ್ಕೆ ಸೇರಿಸ್ಬೇಡಿ ಮೇಷ್ಟ್ರೇ. ಕೊನೇ ಪುಟದಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಗೆರೆ ಎಳೆದಿದೀನಿ, ಅದಕ್ಕೆ ಹಾಕಿ.”

ಅಕ್ಷತೆ ಹಿಡಿದ ಕೈಯಲ್ಲೇ ಸರೋಜಮ್ಮ ಫೋನು ಕಿತ್ತುಕೊಂಡರು.

“ಮೇಷ್ಟ್ರೇ, ಸಾಸಿವೆ ಅಂಟಿದೆಯಾ ನೋಡಿ.”