ಬಡಾವಣೆ ಸಂಘದ ಸಪ್ತಾಂಗ ಮೀಮಾಂಸೆ

ಲಕ್ಷಣ

ಜೀವಕೋಟಿಯನ್ನು ಅಂಡಜ, ಜರಾಯುಜ, ಸ್ವೇದಜ, ಉದ್ಭಿಜ್ಜಗಳೆಂದು ನಾಲ್ಕಾಗಿ ವಿಂಗಡಿಸಿದ ಪ್ರಾಚೀನರು, ಮೊಟ್ಟೆಯಿಂದಾಗಲಿ ಗರ್ಭದಿಂದಾಗಲಿ ಬೆವರಿನಿಂದಾಗಲಿ ಬೀಜದಿಂದಾಗಲಿ ಹುಟ್ಟದೆ, ಇಲ್ಲದಿರುವುದೊಂದರಿಂದಲೇ ಹುಟ್ಟಿ ಬೆಳೆಯುವ ಐದನೆಯ ಪ್ರಭೇದವನ್ನು ಗಮನಿಸದೆ ಹೋದುದಕ್ಕೆ ಅವರನ್ನು ದೂಷಿಸುವುದು ತರವಲ್ಲ; ಅವರ ಕಾಲಕ್ಕೆ ಹೊಲಗಳು ಇನ್ನೂ ಎನ್.ಎ. ಆಗಿರಲಿಲ್ಲ. ಹೊಲವು ಪ್ಲಾಟಾಗಿ, ಪ್ಲಾಟಿನಲ್ಲಿ ಮನೆಯೆದ್ದು, ಮನೆಗೆ ವಾಸ್ತುಶಾಂತಿಯಾಗಿ, ಉತಾರದಲ್ಲಿ ಹೆಸರೂ ಏರಿ, ನಳಕ್ಕೆ ಮಾತ್ರ ನೀರು ಬಾರದಿರುವ ಶುಭಮುಹೂರ್ತದಲ್ಲಿ ಉದಿಸುವ ಈ ಜೀವಿಗೆ ಲೋಕದಲ್ಲಿ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವೆಂದು ಹೆಸರು. ಶಾಸ್ತ್ರದಲ್ಲಿ ಇದನ್ನು ‘ಅಭಾವಜ’ವೆಂದು ಗ್ರಹಿಸತಕ್ಕದ್ದು.

ತಾರ್ಕಿಕರು ಅಭಾವವನ್ನು ನಾಲ್ಕು ಬಗೆಯಾಗಿ ಹೇಳಿರುವರಷ್ಟೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳೆಂಬ ಕ್ಷೇತ್ರಚತುಷ್ಟಯದಲ್ಲಿ ಈ ನಾಲ್ಕಕ್ಕೂ ಉದಾಹರಣೆಗಳು ಹೇರಳವಾಗಿವೆ. ಪೈಪು ಹೂಳುವುದಕ್ಕೆ ಮೊದಲು ನೀರಿಲ್ಲದಿರುವುದು ಪ್ರಾಗಭಾವ. ಹೂಳಿದ ಪೈಪನ್ನು ಮತ್ತೊಂದು ಇಲಾಖೆಯವರು ಬಂದು ಅಗೆದು ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಪೈಪು ನಮ್ಮ ಓಣಿಯಲ್ಲಿದ್ದು ನೀರು ಆಚೆಯ ಓಣಿಯಲ್ಲಿರುವುದು ಅನ್ಯೋನ್ಯಾಭಾವ. ಇನ್ನು ಬಡಾವಣೆಯ ನಕಾಶೆಯಲ್ಲಿ ಹಸುರು ಬಳಿದು ತೋರಿಸಿದ ಉದ್ಯಾನವುಂಟಲ್ಲ, ಭೂತ ಭವಿಷ್ಯದ್ವರ್ತಮಾನಗಳೆಂಬ ಮೂರು ಕಾಲಗಳಲ್ಲಿಯೂ ಸಿದ್ಧಿಸದ ಅದು ಅತ್ಯಂತಾಭಾವ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರನ್ನೊಪ್ಪಿಸಿ ಪುನರ್ವಸತಿ ಕೇಂದ್ರಗಳಿಗೆ ಬಂದವರು ನೀರಿನ ಅಭಾವದಿಂದಲ್ಲ, ನೀರಿನ ಸದ್ಭಾವದಿಂದಲೇ ಮನೆ ಕಳೆದುಕೊಂಡವರಾದುದರಿಂದ ಈ ಲಕ್ಷಣಕ್ಕೆ ಅವ್ಯಾಪ್ತಿದೋಷ ತಟ್ಟುವುದಲ್ಲವೇ ಎಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಸಮಾಧಾನವಿಷ್ಟು: ಮನೆಯನ್ನು ಮುಳುಗಿಸಿದ ನೀರೇ ಬೇರೆ, ನಳದಲ್ಲಿ ಬರತಕ್ಕ ನೀರೇ ಬೇರೆ, ಮೊದಲನೆಯದು ಅರ್ಜಿಯಿಲ್ಲದೆ ಬರುತ್ತದೆ.

ಇತಿಹಾಸ

ಸಂಘದ ಪ್ರಾಚೀನತೆಯನ್ನು ಸ್ಥಾಪಿಸದ ಪ್ರಬಂಧವು ವಿದ್ವತ್ಸಭೆಯಲ್ಲಿ ನಿಲ್ಲಲಾರದು. ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕಸಂಘವು ದಕ್ಷಿಣಾಪಥದುದ್ದಕ್ಕೂ, ಕಡಲಾಚೆಗೂ ವ್ಯವಹಾರ ನಡೆಸಿತೆಂದು ಶಾಸನಗಳಿಂದ ತಿಳಿದು ಬರುವಾಗ, ಅದೇ ನೆಲದ ನಮ್ಮ ಸಂಘಕ್ಕೆ ಆಚೆಯ ಓಣಿಯವರೆಗೆ ಸುತ್ತೋಲೆ ಮುಟ್ಟಿಸುವುದು ಕಷ್ಟವಾಗಿರುವುದನ್ನು ಕಲಿಮಹಿಮೆಯೆಂದಲ್ಲದೆ ಬೇರೆ ಬಗೆಯಲ್ಲಿ ವಿವರಿಸಲಾಗದು. ಹತ್ತನೆಯ ಶತಮಾನದ ಆದಿಯಲ್ಲಿ ತಮಿಳುನಾಡಿನ ಉತ್ತರಮೇರೂರಿನ ಸಭೆಯವರು ಗಡಿಗೆಯೊಳಗೆ ಓಲೆಗಳನ್ನು ಹಾಕಿ ಸದಸ್ಯರನ್ನೆತ್ತುತ್ತಿದ್ದರಲ್ಲದೆ, ಲೆಕ್ಕ ಒಪ್ಪಿಸದವನನ್ನೂ ಅವನ ಬಂಧುಗಳನ್ನೂ ಆಯ್ಕೆಯಿಂದ ಹೊರಗಿಡತಕ್ಕದ್ದೆಂದು ಕಲ್ಲಿನಲ್ಲಿ ಕೊರೆಸಿದ್ದರು. ಈ ನಿಯಮವನ್ನು ನಮ್ಮ ಬಡಾವಣೆಗಳಿಗೆ ಅನ್ವಯಿಸಿದಲ್ಲಿ ಖಜಾಂಚಿ ಪದವಿಗೆ ಪರಸ್ಥಳದಿಂದ ನಿರ್ಬಂಧುವೊಬ್ಬನನ್ನು ಸಂಬಳ ಕೊಟ್ಟು ಕರೆತರಬೇಕಾದೀತು.

ಮಧ್ಯಕಾಲವನ್ನು ಹಾರಿ ಆಧುನಿಕ ಕಾಲಕ್ಕೆ ಬಂದರೆ ನಮ್ಮ ನಾಲ್ಕು ಊರುಗಳು ನಾಲ್ಕು ಪ್ರಭುತ್ವಗಳ ಅಧೀನದಲ್ಲಿದ್ದುದು ಕಾಣುತ್ತದೆ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗಲಿ ಸಂಸ್ಥಾನದ್ದು, ಬೀಳಗಿಯು ಆಂಗ್ಲರ ವಿಜಾಪುರ ಜಿಲ್ಲೆಯದು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಲೀನವಾದುವು. 1956ರಲ್ಲಿ ನಾಲ್ಕೂ ಊರುಗಳು ಮೈಸೂರು ರಾಜ್ಯವನ್ನು ಸೇರಿದುವು. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯವಾದುವು. ಇಷ್ಟೆಲ್ಲ ಸಾಮ್ರಾಜ್ಯ ವಿಪರ್ಯಾಸಗಳ ನಡುವೆ ಗಟಾರದ ಅರ್ಜಿಯ ಮೇಲಿನ ವಿಳಾಸವು ಸರಕಾರ್ ಸ್ವಾರಿಯಿಂದ ಕಲೆಕ್ಟರ ಸಾಹೇಬರಿಗೂ, ಅಲ್ಲಿಂದ ಪೌರಾಯುಕ್ತರಿಗೂ ಬದಲಾಯಿತೇ ಹೊರತು ಒಕ್ಕಣೆ ಬದಲಾಗಲಿಲ್ಲವೆಂಬುದು ಇತಿಹಾಸದ ಅಖಂಡತೆಗೆ ನಿದರ್ಶನವಾಗಿದೆ.

ಈ ಸೀಮೆಯ ಹಳೆಯ ಪೇಟೆಗಳಲ್ಲಿ ಸಂಘಕ್ಕಿಂತ ಹಿರಿದಾದ ಒಂದು ವ್ಯವಸ್ಥೆಯುಂಟು. ಬನಹಟ್ಟಿಯಲ್ಲಿ ಸೋಮವಾರ ಪೇಟೆ, ಮಂಗಳವಾರ ಪೇಟೆಗಳೆಂದು ವಾರಗಳ ಹೆಸರಿನ ಪೇಟೆಗಳಿದ್ದು, ಅಲ್ಲಿ ಹಿರಿಯರು ಕೂಡಿ ‘ದೈವ’ವೆನಿಸಿಕೊಂಡು ಜಾತ್ರೆ, ಹಬ್ಬ, ಮನಸ್ತಾಪಗಳನ್ನು ನಡೆಸುತ್ತಲೂ ನಿಲ್ಲಿಸುತ್ತಲೂ ಬಂದಿದ್ದಾರೆ. ದೈವದ ಮುಂದೆ ಹೂಡಿದ ವ್ಯಾಜ್ಯಕ್ಕೆ ಸ್ಟಾಂಪು ಬೇಡ, ದೈವದ ಮಾತಿಗೆ ಕೋರಂ ಬೇಡ. ಕಟ್ಟೆಯ ಮೇಲೆ ನಾಲ್ವರು ಹಿರಿಯರು ತಲೆಯಾಡಿಸಿದರೆಂದರೆ ತೀರಿತು. ಹೊಸ ಬಡಾವಣೆಯವರಿಗೆ ಈ ಸೌಕರ್ಯವಿಲ್ಲ. ಅಲ್ಲಿ ಎಲ್ಲರೂ ಬೇರೆ ಬೇರೆ ಊರುಗಳಿಂದ ಬಂದ ನೌಕರರೂ ಶಿಕ್ಷಕರೂ ನಿವೃತ್ತರೂ ಆಗಿರುವುದರಿಂದ ಯಾರು ಹಿರಿಯರೆಂಬುದೇ ನಿರ್ಣಯವಾಗದೆ, ಅಗತ್ಯವಾಗಿ ಅಧ್ಯಕ್ಷರನ್ನು ಆರಿಸಬೇಕಾಗುತ್ತದೆ.

ಸಪ್ತಾಂಗ

ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದನು. 1960ರ ಸಂಘಗಳ ನೋಂದಣಿ ಅಧಿನಿಯಮವು ಸಂಘಕ್ಕೆ ಏಳು ಮಂದಿಗೆ ಕಡಮೆಯಿರಬಾರದೆಂದಿತು. ಇದು ಕಾಕತಾಳೀಯವೆಂದು ನಂಬಲು ಮನಸ್ಸೊಪ್ಪದು. ಸ್ವಾಮಿಯೆಂದರೆ ಅಧ್ಯಕ್ಷರು, ತಮಗೆ ಈ ಜವಾಬ್ದಾರಿ ಬೇಡವೆಂದು ಪ್ರತಿವರ್ಷವೂ ಬೇಡಿಕೊಂಡು ಪ್ರತಿವರ್ಷವೂ ಒಪ್ಪಿಕೊಳ್ಳತಕ್ಕವರು. ಅಮಾತ್ಯರೆಂದರೆ ಕಾರ್ಯದರ್ಶಿ, ಅಕ್ಷರ ದುಂಡಗಿದ್ದ ಅಪರಾಧಕ್ಕಾಗಿ ಠರಾವು ಪುಸ್ತಕವನ್ನು ಆಜೀವ ಹೊರತಕ್ಕವರು. ಜನಪದವು ಸದಸ್ಯವರ್ಗ, ಇದರಲ್ಲಿ ಮನೆಯ ಮಾಲೀಕರು, ಬಾಡಿಗೆದಾರರು, ಹಾಗೂ ಖಾಲಿ ಪ್ಲಾಟು ಕೊಂಡಿಟ್ಟು ಪುಣೆಯಲ್ಲಿರುವವರು ಎಂಬ ಮೂರು ಭೇದಗಳು. ಈ ಮೂರನೆಯವರ ಪ್ಲಾಟಿನಲ್ಲಿ ಜಾಲಿ ಬೆಳೆಯುತ್ತದೆ, ಬೆಲೆಯೂ ಬೆಳೆಯುತ್ತದೆ. ದುರ್ಗವೆಂದರೆ ಓಣಿಯ ಬಾಯಲ್ಲಿ ದಾನಿಗಳ ಹೆಸರು ಹೊತ್ತು ನಿಂತಿರುವ ಕಮಾನು. ಅದು ದಾನಿಗಳ ಹೆಸರನ್ನುಳಿದು ಮತ್ತೇನನ್ನೂ ರಕ್ಷಿಸುವುದಿಲ್ಲ.

ಕೋಶದ ವಿಷಯ ಸ್ವಲ್ಪ ವಿಸ್ತರಿಸತಕ್ಕದ್ದು. ಗಟಾರಕ್ಕಾಗಿ ವರ್ಗಣಿ ಕೇಳಿದಾಗ “ಮುಂದಿನ ತಿಂಗಳ ನೋಡೂಣ್ರಿ” ಎನ್ನುವ ಮನೆಯೇ ಗಣಪತಿಯ ಪಟ್ಟಿ ಬಂದಾಗ ಚಹಾ ಕೊಟ್ಟು ಚೀಟಿ ಹರಿಸಿಕೊಳ್ಳುವುದು ಸರ್ವವಿದಿತ. 1893ರಲ್ಲಿ ಲೋಕಮಾನ್ಯರು ಜನರನ್ನು ಒಂದುಗೂಡಿಸಲೆಂದು ಸಾರ್ವಜನಿಕವಾಗಿಸಿದ ಈ ಉತ್ಸವದಿಂದ ಪ್ರತಿ ಓಣಿಯಲ್ಲಿಯೂ ಒಂದೊಂದು ಗಜಾನನ ಯುವಕ ಮಂಡಳಿಯು ಜನಿಸಿ, ಸಂಘದ ಬೊಕ್ಕಸಕ್ಕೆ ಪ್ರತಿಸ್ಪರ್ಧಿಯಾಗಿ ನಿಂತಿದೆ. ಆದುದರಿಂದ ಬುದ್ಧಿವಂತ ಖಜಾಂಚಿಯು ಗಣಪತಿಯ ಪಟ್ಟಿಯೊಳಗೇ ಗಟಾರವನ್ನೂ ಸೇರಿಸುವನು. ವಿಘ್ನನಿವಾರಣೆಯೇ ಎರಡರ ಉದ್ದೇಶವಾದುದರಿಂದ ಲೆಕ್ಕ ಪರಿಶೋಧಕರು ಮೌನವಹಿಸುವರು. ದಂಡವೆಂಬ ಆರನೆಯ ಅಂಗವು ಹಿಂದೆ ಇರಲಿಲ್ಲ. ಈಚೆಗೆ ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಹಾಕುವ ರೂಪದಲ್ಲಿ ಪ್ರಾಪ್ತವಾಗಿದೆ. ಮಿತ್ರನೆಂದರೆ ವಾರ್ಡಿನ ನಗರಸಭಾ ಸದಸ್ಯರು, ಬೀಳಗಿಯಲ್ಲಾದರೆ ಪಟ್ಟಣ ಪಂಚಾಯಿತಿಯವರು. ಮಿತ್ರನ ಸ್ನೇಹವು ಚುನಾವಣೆಯ ಹಿಂದುಮುಂದಿನ ಎರಡು ಪಕ್ಷಗಳಲ್ಲಿ ಪೂರ್ಣಚಂದ್ರನಂತೆ ಬೆಳಗುವುದು.

ಸಭಾಪರ್ವ

ಮುಧೋಳವು ರನ್ನನ ಊರೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಗದಾಯುದ್ಧದಲ್ಲಿ ಕವಿಯು ಒಂದು ದಿನದ ಕಾಳಗವನ್ನು ಮುಂದಿಟ್ಟುಕೊಂಡು ಹಿಂದಿನ ಭಾರತವನ್ನೆಲ್ಲ ತಿರುಗಿ ನೋಡುವ ‘ಸಿಂಹಾವಲೋಕನ’ ಕ್ರಮವನ್ನು ವಿಮರ್ಶಕರು ಕೊಂಡಾಡುವರು. ಆ ಕ್ರಮವು ಸಾವಿರ ವರ್ಷಗಳ ತರುವಾಯವೂ ಬಡಾವಣೆಯ ಸಭೆಗಳಲ್ಲಿ ಜೀವಂತವಾಗಿದೆಯೆಂಬುದು ನಮ್ಮ ಶೋಧ. ವಿಷಯಪತ್ರಿಕೆಯಲ್ಲಿ ಬೀದಿದೀಪವೊಂದೇ ಇದ್ದರೂ, ಚರ್ಚೆಯು ಹೋದ ಸಭೆಯ ಚಹಾದ ಖರ್ಚಿಗೂ, ಅಲ್ಲಿಂದ ಅದರ ಹಿಂದಿನ ಅಧ್ಯಕ್ಷರು ತಮ್ಮ ಮನೆಯ ಮುಂದೆಯೇ ಬೋರ್‌ವೆಲ್ ಕೊರೆಸಿದ ಸಂಗತಿಗೂ, ಕಡೆಗೆ ಪ್ಲಾಟಿನ ಗಡಿಗಲ್ಲನ್ನು ಮೊದಲು ಯಾರು ಕಿತ್ತರೆಂಬ ಆದಿಪರ್ವಕ್ಕೂ ಹಿಂದಿರುಗುತ್ತದೆ.

“ಅಧ್ಯಕ್ಷರ, ದೀಪದ ವಿಷಯಾ ಹೇಳ್ರಿ.”

“ಹೇಳತೀನ್ರಿ ಸರ, ಅದಕ್ಕೂ ಮೊದಲ ಆ ಗಡಿಗಲ್ಲಿಂದ ಬಗಿಹರೀಲಿ.”

ರಬಕವಿ-ಬನಹಟ್ಟಿಯಲ್ಲಿ ಇಂಥ ಸಭೆಗಳಿಗೆ ಪವರ್‌ಲೂಮುಗಳ ಹಿಮ್ಮೇಳವಿರುವುದರಿಂದ ಶಾಂತಿ ನೆಲಸಿರುತ್ತದೆ. ಯಾರು ಏನೆಂದರೆಂಬುದು ಪರಸ್ಪರರಿಗೆ ಕೇಳಿಸುವುದಿಲ್ಲ. ಕರೆಂಟು ಹೋಗಿ ಮಗ್ಗಗಳು ನಿಂತ ಕೂಡಲೆ ಜಗಳ ಪ್ರಾರಂಭವಾಗುತ್ತದೆ. ಇನ್ನು ಮುಧೋಳದಲ್ಲಿ ‘ಬೀದಿನಾಯಿಗಳ ಹಾವಳಿ’ಯೆಂಬ ವಿಷಯ ಬಂದೊಡನೆ ಸಭೆ ಇಬ್ಭಾಗವಾಗುವುದು. 2005ರಲ್ಲಿ ಅಂಚೆ ಚೀಟಿಯ ಮೇಲೇರಿ, ಮುಂದೆ ಸೇನೆಗೂ ಸೇರಿದ ಬೇಟೆನಾಯಿಯ ತವರಿನಲ್ಲಿ ಯಾವ ನಾಯಿಯ ರಕ್ತದಲ್ಲಿ ಯಾವ ಘನತೆಯಿದೆಯೋ ಬಲ್ಲವರಾರು? ಆದಕಾರಣ ನಾಯಿಗಳ ವಂಶಾವಳಿಯನ್ನು ಪರಿಶೀಲಿಸಲು ಉಪಸಮಿತಿಯೊಂದನ್ನು ನೇಮಿಸಿ, ಸಭೆಯನ್ನು ಮಿರ್ಚಿ ಭಜಿಯೊಂದಿಗೆ ಮುಗಿಸುವುದು ರೂಢಿ.

ಲಯ

ಅಭಾವದಿಂದ ಹುಟ್ಟಿದ್ದು ಅಭಾವವು ನೀಗಿದೊಡನೆ ಲಯ ಹೊಂದಲೇಬೇಕು. ನಳಕ್ಕೆ ನೀರು ಬಂದ ವಾರದೊಳಗೆ ಹಲವು ಸಂಘಗಳು ನಾಮಫಲಕವನ್ನು ಮಾತ್ರ ಉಳಿಸಿ ಕೈಲಾಸವಾಸಿಗಳಾಗುತ್ತವೆ. ದೂರದೃಷ್ಟಿಯುಳ್ಳ ಪದಾಧಿಕಾರಿಗಳು ಇದನ್ನರಿತು, ಎಲ್ಲ ಬೇಡಿಕೆಗಳನ್ನೂ ಒಮ್ಮೆಗೇ ಈಡೇರಿಸಿಕೊಳ್ಳುವ ದುಡುಕಿಗೆ ಹೋಗದೆ, ಒಂದು ಗಟಾರವನ್ನು ಬೀಜಕ್ಕೆಂದು ಕಾಯ್ದಿರಿಸುವರು.

ಈ ಸಿದ್ಧಾಂತವನ್ನು ಕಂಗೆಡಿಸುವ ಎರಡು ಸಂಗತಿಗಳನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ಉಲ್ಲೇಖಿಸಲೇಬೇಕಾಗಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣಾತೀರದ ರೈತರು, ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ, ಸರಕಾರದ ದಾರಿ ಕಾಯುವುದನ್ನು ಬಿಟ್ಟು ತಾವೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿ ಅದಕ್ಕೆ ‘ಶ್ರಮಬಿಂದು ಸಾಗರ’ವೆಂದರು, ಎರಡು ವರ್ಷಗಳ ತರುವಾಯ ಅದೇ ನ್ಯಾಮಗೌಡರು ಲೋಕಸಭೆಯ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಒಂದು ಸಿಮೆಂಟು ಚಪ್ಪಡಿಗೆ ಏಳು ಅರ್ಜಿಗಳನ್ನು ಬರೆಯುವ ಪಂಥದವರಿಗೆ ಈ ನಡವಳಿಕೆ ಅಶಾಸ್ತ್ರೀಯವಾಗಿ ತೋರುವುದು ಸಹಜ.

ಎರಡನೆಯದು 2019ರ ಆಗಸ್ಟಿನ ನೆರೆ. ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ, ಮುಧೋಳದ ತಗ್ಗಿನ ಓಣಿಗಳಿಗೂ ನದಿದಂಡೆಯ ಊರುಗಳಿಗೂ ನೀರು ನುಗ್ಗಿದಾಗ, ಗಡಿಗಲ್ಲಿನ ವ್ಯಾಜ್ಯದವರಿಬ್ಬರು ಒಂದೇ ಮಂಚವನ್ನು ಎರಡು ತುದಿಗಳಲ್ಲಿ ಹಿಡಿದು ಮಹಡಿಗೆ ಏರಿಸಿದುದೂ, ವರ್ಗಣಿ ಕೊಡದ ಮನೆಯವರು ರೊಟ್ಟಿಯ ಗಂಟುಗಳನ್ನು ಕಟ್ಟಿ ಕಳಿಸಿದುದೂ, ಬಾಡಿಗೆದಾರರು ಮಾಲೀಕರ ಆಕಳುಗಳನ್ನು ಹೊಡೆದುಕೊಂಡು ದಿಬ್ಬವೇರಿದುದೂ ಇಂಥ ಓಣಿಗಳಲ್ಲಿ ಕಾಣಬರುವ ವ್ಯಾಪಾರಗಳು. ಆದರೆ ಆ ದಿನಗಳಲ್ಲಿ ಸಭೆಯ ನೋಟೀಸು ಹೊರಟಿರಲಿಲ್ಲ, ಕೋರಂ ಎಣಿಸಿರಲಿಲ್ಲ, ಸೂಚಕರು ಅನುಮೋದಕರು ಯಾರೆಂದು ಬರೆದಿಟ್ಟಿರಲಿಲ್ಲ. ಠರಾವು ಪುಸ್ತಕವೇ ತೊಯ್ದು ಹೋಗಿತ್ತು. ಆದುದರಿಂದ ಸಂಘವು ನಿಜವಾಗಿ ಮಾಡಿದ ಏಕಮಾತ್ರ ಕಾರ್ಯವು ದಾಖಲೆಯ ಪ್ರಕಾರ ನಡೆದೇ ಇಲ್ಲವೆಂದು, ನಾವು ವಿಷಾದಪೂರ್ವಕವಾಗಿ ತೀರ್ಮಾನಿಸಬೇಕಾಗಿದೆ.

ಫಲಶ್ರುತಿ

ಈ ಮೀಮಾಂಸೆಯನ್ನು ಬರಿಗೊಡವನ್ನು ನಳದ ಕೆಳಗಿರಿಸಿ ಪ್ರಾತಃಕಾಲದಲ್ಲಿ ಪಠಿಸುವವರಿಗೆ, ನೀರು ಬರುವವರೆಗಿನ ಕಾಲಕ್ಷೇಪವಾಗುವುದು. ಸಾಯಂಕಾಲದಲ್ಲಿ ಪಠಿಸುವವರ ಓಣಿಯಲ್ಲಿ ದೀಪ ಹತ್ತುವುದು ಅಥವಾ ಹತ್ತದಿರುವುದು. ಇದನ್ನು ಬರೆದಿಟ್ಟುಕೊಂಡವರು ವರ್ಗಣಿಯಿಂದ ವಿಮುಕ್ತರಾಗುವುದಿಲ್ಲ. ನಡುವೆ ಎದ್ದುಹೋಗದೆ ಕಡೆಯವರೆಗೂ ಕುಳಿತು ಕೇಳಿದವರನ್ನು ಮಾತ್ರ, ಇಂಥ ಸಹನೆಯುಳ್ಳವರು ಮತ್ತಾರೂ ದೊರೆಯರೆಂಬ ಕಾರಣದಿಂದ, ಮುಂದಿನ ಸಾಲಿನ ಕಾರ್ಯದರ್ಶಿಗಳನ್ನಾಗಿ ಅವಿರೋಧವಾಗಿ ಆರಿಸಲಾಗುವುದು.