ರೋಧಕ ರಕ್ತಮೋಕ್ಷಣ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು 1997ರ ಮಾರುತಿ 800 ಎಂಬ ಪಠ್ಯವನ್ನು ಮಂಗಳೂರಿನ ಬಿಜೈಯ ಒಂದು ಕಾರು ಶೆಡ್ಡಿನ ನೆಲೆಯಿಂದ, ಅಂದರೆ ಚಾಪೆ ಹಾಸಿದ ನೆಲದಿಂದಲೇ, ಮರುಓದಿಗೆ ಒಳಪಡಿಸುವ ವಿನಮ್ರ ಯತ್ನವಾಗಿದೆ. ಪುಸ್ತಕಗಳು 'ಬ್ರೇಕ್ ಬ್ಲೀಡಿಂಗ್' ಎನ್ನುವ ಗಹನ ಕ್ರಿಯೆಯನ್ನು ನಮ್ಮೂರ ಗ್ಯಾರೇಜಿನವರು 'ಏರ್ ತೆಗೆಯುವುದು' ಎಂದು ಎರಡೇ ಪದಗಳಲ್ಲಿ ಮುಗಿಸುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಆದ್ದರಿಂದ ಪ್ರಬಂಧಕಾರನು ಸಿರೆ ಚುಚ್ಚಿ ರಕ್ತ ಹೊರಬಿಡುವ ಸುಶ್ರುತನ ಸಿರಾವ್ಯಧವನ್ನು ಪೂರ್ವಾಧಾರವಾಗಿ ಅಂಗೀಕರಿಸಿ, ಇದನ್ನು 'ರೋಧಕ ರಕ್ತಮೋಕ್ಷಣ' ಎಂದು ನಾಮಕರಣ ಮಾಡಿದ್ದಾನೆ. ಜಿಗಣೆಯ ಸ್ಥಾನದಲ್ಲಿ ಮೀನಿನ ತೊಟ್ಟಿಗೆ ಹಾಕುವ ಒಂದು ಮೊಳ ಪ್ಲಾಸ್ಟಿಕ್ ನಳಿಗೆ ಇದೆ.

ಪೂರ್ವಸೂರಿಗಳು ಹಲವರು. ಮುಚ್ಚಿಟ್ಟ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆಂದು 17ನೇ ಶತಮಾನದಲ್ಲಿ ಪ್ಯಾಸ್ಕಲ್ ಸಾರಿದ. ಅದನ್ನು ಬ್ರೇಕಿಗೆ ಅಳವಡಿಸಿ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅದು ಬಂತು. ಇವರಿಬ್ಬರೂ ಮಂಗಳೂರಿನ ಜೂನ್ ತಿಂಗಳನ್ನು ಕಂಡವರಲ್ಲ ಎಂಬುದು ಅವರ ಸೈದ್ಧಾಂತಿಕ ಮಿತಿ. ಗೋಡೆಗೆ ಬೂಷ್ಟು ಹಿಡಿಯುವ ಈ ಊರಿನಲ್ಲಿ ಬ್ರೇಕ್ ಆಯಿಲೂ ಕೆಡುತ್ತದೆ. ಅದು ಹೆಸರಿಗೆ ಆಯಿಲ್, ಕುಲದಿಂದ ಗ್ಲೈಕಾಲ್ ಈಥರ್. ಗಾಳಿಯ ತೇವವನ್ನು ಕದ್ದು ಕುಡಿಯುವುದು ಅದರ ಚಟ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಕುಡಿದ ಮೇಲೆ ಅದಕ್ಕೆ ನಿಗದಿಯಾಗಿರುವ ಮಿತಿ 140. ಚಾರ್ಮಾಡಿ ಇಳಿಯುವಾಗ ಬ್ರೇಕಿನ ಮೇಲೆಯೇ ಕಾಲಿಟ್ಟು ಬಂದವನಿಗೆ ಒಳಗೆ ಆವಿ ಎದ್ದರೆ, ಪೆಡಲು ನೆನೆದ ಗೋಳಿಬಜೆಯಂತಾಗುತ್ತದೆ. ದ್ರವ ಕುಗ್ಗದು, ಗಾಳಿ ಕುಗ್ಗುತ್ತದೆ. ಒತ್ತಿದ್ದೆಲ್ಲ ಅದರ ಹೊಟ್ಟೆಗೇ.

ಕೊಳವೆಯೊಳಗಿನ ವಾಯುವನ್ನು ಏಳಾಗಿ ವಿಂಗಡಿಸಬಹುದು. ಪೈಪು ಬಿಚ್ಚಿದಾಗ ಹೊಕ್ಕಿದ್ದು ಆಗಂತುಕ ವಾಯು. ಕುದಿದು ಹುಟ್ಟಿದ್ದು ಸ್ವಯಂಭೂ ವಾಯು. ಕೆಲಸದ ಮಧ್ಯೆ ಫೋನಿನಲ್ಲಿ ಮಾತಾಡುತ್ತ ಮೇಲಿನ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟಾಗ ಬಂದದ್ದು ಪ್ರಮಾದಜ ವಾಯು. ಉಳಿದ ನಾಲ್ಕನ್ನು ಹೆಸರಿಸುವಷ್ಟರಲ್ಲಿ ಮಳೆ ಬಂತು. ನಿಜ ಹೇಳಬೇಕೆಂದರೆ ಅವು ಇಲ್ಲ. ಏಳು ಎಂದರೆ ಪ್ರಬಂಧ ಒಪ್ಪುವ ಸಮಿತಿಯವರಿಗೆ ಸಮಾಧಾನ.

ಇನ್ನು ವಿಧಾನಶಾಸ್ತ್ರ. ಪೆಡಲಿನ ಒತ್ತನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ 'ಅಂಚಿನ ಚಕ್ರ'ದಿಂದ, ಎಂದರೆ ಎಡ ಹಿಂಬದಿಯದರಿಂದ, ಆರಂಭಿಸಿ ಕೇಂದ್ರದತ್ತ ಸರಿಯತಕ್ಕದ್ದು. ಏರ್ ಹೊರಬಿಡುವ, ಕಡಲ ಗಾಳಿಗೆ ತುಕ್ಕು ಹಿಡಿದ ನಿಪ್ಪಲ್ಲಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಅವಸರ ಮಾಡಿದರೆ ಅದು ಮುರಿದು ಕೈಗೆ ಬರುತ್ತದೆ. ನಳಿಗೆಯ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಬೇಕು. ಹನಿ ಕಾರಿನ ಬಣ್ಣಕ್ಕೆ ಬಿದ್ದರೆ ಬಣ್ಣ ಎದ್ದು ಬರುತ್ತದೆ, ಆದ್ದರಿಂದ ಪಕ್ಕದಲ್ಲೇ ನೀರಿನ ಬಾಲ್ದಿ. ಬರಿಯ ಜಾಕಿಯ ಭರವಸೆಯಲ್ಲಿ ಕಾರಿನಡಿ ತಲೆ ಹಾಕುವವನಿಗೆ ಯಾವ ಸಿದ್ಧಾಂತವೂ ಇಲ್ಲ.

ಇದಿಷ್ಟನ್ನೂ ನನಗೆ ಕಲಿಸಿದ ಮೆಕ್ಯಾನಿಕ್ ಮೂರೇ ತುಳು ಪದ ಬಳಸಿದ್ದ. ಅವನು ಚಕ್ರದ ಹತ್ತಿರ ಕುಕ್ಕುರುಗಾಲಲ್ಲಿ, ನಾನು ಸೀಟಿನಲ್ಲಿ. "ಒತ್ತುಲೆ." ಒತ್ತಿದೆ. "ಪತ್ತೊನ್ಲೆ." ಹಿಡಿದೆ. ಅವನು ನಿಪ್ಪಲ್ ಸಡಿಲಿಸಿದ, ಕಷಾಯದ ಬಣ್ಣದ್ದು ಗುಳ್ಳೆಗಳೊಡನೆ ಹೊರಬಂತು, ಪೆಡಲು ಕಾಲಡಿ ಕುಸಿಯಿತು, ಅವನು ಮತ್ತೆ ಬಿಗಿದ. "ಬುಡ್ಲೆ." ಬಿಗಿಯುವ ಮೊದಲೇ ಬಿಟ್ಟರೆ ಹೋದ ಗಾಳಿ ಮರಳಿ ಬರುತ್ತದೆ, ಅದಕ್ಕೇ ಈ ಮೂರು ಮಾತು, ಇದೇ ಕ್ರಮದಲ್ಲಿ.

ಒಮ್ಮೆ ಅವನು ರಿಪೇರಿಯಾದ ಕಾರನ್ನು ನಾನಿದ್ದಲ್ಲಿಗೇ ತಂದ. ನಾನು ಒಳಗೆ, ವಿಚಾರ ಸಂಕಿರಣದ ವೇದಿಕೆಯಲ್ಲಿ, 'ಕುಶಲಕರ್ಮಿಯ ದೇಹಸ್ಮೃತಿ ಮತ್ತು ದೇಸಿ ಜ್ಞಾನಮೀಮಾಂಸೆ' ಓದುತ್ತಿದ್ದೆ. ಬಾಗಿಲಲ್ಲಿ ಕೊರಳಿಗೆ ಬ್ಯಾಡ್ಜು ಹಾಕಿದ ಹುಡುಗ ಅವನ ಅಂಗಿಯ ಗ್ರೀಸು ನೋಡಿ, ಒಳಗೆ ಕಾರ್ಯಕ್ರಮ ಉಂಟು, ಹೊರಗೆ ನಿಲ್ಲಿ ಎಂದನಂತೆ. ಅವನು ಚಪ್ಪಲಿಗಳ ಪಕ್ಕ ಒಂದೂವರೆ ಗಂಟೆ ನಿಂತ. ನಾನು ಅವನನ್ನು ಕಂಡಿದ್ದೆ. ಓದು ನಿಲ್ಲಿಸಲಿಲ್ಲ. ಚಪ್ಪಾಳೆ, ಶಾಲು, ಏಲಕ್ಕಿ ಹಾರ, ಊಟದ ಕೂಪನ್ನು ಎಲ್ಲ ಆದ ಮೇಲೆ ಹೊರಗೆ ಬಂದೆ. "ಏರ್ ತೆಗ್ದಿದ್ದೇನೆ ಸರ್, ಪೆಡಲ್ ಗಟ್ಟಿ ಉಂಟು" ಎಂದು ಕೀ ಕೊಟ್ಟು ಬಸ್ ಸ್ಟಾಪಿಗೆ ನಡೆದ. ಹೋಗುವಾಗಲಾದರೂ ಕಾರಿನಲ್ಲಿ ಬಿಡುತ್ತೇನೆಂದು ನನ್ನ ಬಾಯಲ್ಲಿ ಬರಲಿಲ್ಲ. ಆ ಪ್ರಬಂಧ ಅಚ್ಚಾಯಿತು. ಅದರಲ್ಲಿ 'ಶ್ರಮ' ಎಂಬ ಪದ ಎಷ್ಟು ಸಲ ಬಂದಿದೆಯೆಂದು ಎಣಿಸುವ ಧೈರ್ಯ ನನಗಿಲ್ಲ.

ಅವನ ಶೆಡ್ಡಿದ್ದ ಜಾಗದಲ್ಲಿ ಈಗ ಫ್ಲ್ಯಾಟು ಎದ್ದಿದೆ. ಅವನು ಎಲ್ಲಿದ್ದಾನೆಂದು ಆ ಫ್ಲ್ಯಾಟಿನ ವಾಚ್‌ಮ್ಯಾನಿಗೂ ಗೊತ್ತಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. ಮಾರಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಮಾರಿಲ್ಲ. ಈಗ ಕುಕ್ಕುರುಗಾಲಿನ ಸರದಿ ನನ್ನದು. ಸೀಟಿನಲ್ಲಿ, ಮೊಣಕಾಲು ನೋವಿನ ಹೆಂಡತಿ. ಮೂರು ಚಕ್ರ ಮುಗಿದಿದೆ. ನಾಲ್ಕನೆಯದರಲ್ಲಿ ಗುಳ್ಳೆ ನಿಲ್ಲುತ್ತಲೇ ಇಲ್ಲ.

"ಇನ್ನೂ ಎಷ್ಟು ಗಾಳಿ ಉಂಟು ಮಾರಾಯ್ರೆ ನಿಮ್ಮದರಲ್ಲಿ?" ಎಂದಳು.

"ಒತ್ತುಲೆ" ಎಂದೆ.