ಈಗೇನಿದೆ ಅಲ್ಲಿ!

ಎಲ್ಲರ ನೆಂಟರಿಷ್ಟರಲ್ಲೂ ಇಂಥ ಒಬ್ಬ ರಾಯರು ಇದ್ದೇ ಇರುತ್ತಾರೆ. ನೀವು ಜೋಗಕ್ಕೆ ಹೊರಟಿದ್ದೀರೆಂದು ಗೊತ್ತಾದರೆ ಸಾಕು, ಕನ್ನಡಕ ಹಣೆಗೇರಿಸಿ 'ಈಗೇನಿದೆ ಅಲ್ಲಿ? ಆಗ ನೋಡ್ಬೇಕಿತ್ತು' ಎನ್ನುತ್ತಾರೆ. ಹೋಗಿ ಬಂದು ಫೋಟೊ ತೋರಿಸಿದರೆ ಜಲಪಾತವನ್ನು ಬಿಟ್ಟು, ಎರಡು ಬೆರಳಲ್ಲಿ ಹಿಗ್ಗಿಸಿ, ನಿಮ್ಮ ಹಿಂದೆ ನಿಂತವರ ತಲೆ ಎಣಿಸುತ್ತಾರೆ. ಜಾಗ ಹೆಸರಾದಷ್ಟೂ ಹಾಳಾಗುತ್ತದೆ, ಹಾಳಾಗುವ ಮುಂಚಿನ ಕೊನೆಯ ಬಸ್ಸು ಹತ್ತಿದವರು ತಾವೇ ಎಂಬುದು ಅವರ ಸಿದ್ಧಾಂತ.

ಅದಕ್ಕೆ ಮೊದಲ ತೊಡಕು ಜೋಗವೇ. ಅದರ ನೀರನ್ನು ಮೇಲೆಯೇ ತಡೆಯುವ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಿಜವಾದ 'ಆಗ' ಅದಕ್ಕೂ ಹಿಂದಿನದು. ರಾಯರಿಗೆ ಅಂದು ಇನ್ನೂ ಮಗ್ಗಿ ಬರುತ್ತಿರಲಿಲ್ಲ. ಅವರು ಕಂಡ ಜೋಗದಲ್ಲೂ ಬೇಸಿಗೆಯಲ್ಲಿ ಬಂಡೆಯೇ ಹೆಚ್ಚು. 2006ರ ಕೊನೆಗೆ 'ಮುಂಗಾರು ಮಳೆ' ತೆರೆಕಂಡ ಮೇಲೆ ಅದೇ 830 ಅಡಿಯ ಬಂಡೆಗೆ ಹುಡುಗರು ಮುಗಿಬಿದ್ದರು. ನೀರು ಹೆಚ್ಚಿತೆಂದಲ್ಲ, ಗಣೇಶ್ ಅಲ್ಲಿ ಕುಣಿದರೆಂದು. ಹಿಂದೆ ನಾಯಕರೆಲ್ಲ ಕುಣಿಯುತ್ತಿದ್ದ ಬೃಂದಾವನದ ಬಣ್ಣದ ಕಾರಂಜಿ ಈಗ ಮಾಲ್ ಮುಂದೆಯೂ ಚಿಮ್ಮುವುದರಿಂದ ಮೊದಲಿನಷ್ಟು ಬೆರಗು ಹುಟ್ಟಿಸದು. ಅದು ಕಾರಂಜಿಯ ತಪ್ಪೇನಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿ ಗೋಕರ್ಣ, ಮುರುಡೇಶ್ವರಗಳನ್ನು ದೂರದವರಿಗೂ ಹತ್ತಿರ ಮಾಡಿತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾಗಿಸಿದ ಶಕ್ತಿ ಯೋಜನೆ ಬಂದದ್ದೇ ತಡ, ಧರ್ಮಸ್ಥಳದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಂಜುನಾಥನ ಮಹಿಮೆ ಆ ತಿಂಗಳೇ ಏರಿತೆಂದು ರಾಯರೂ ಹೇಳಲಾರರು. ಜಾಗದ ಗುಣ ಇದ್ದಂತೆಯೇ ಇರುತ್ತದೆ. ಜನರನ್ನು ಹೊರಡಿಸುವುದು ದಾರಿ, ಸಿನಿಮಾ, ಟಿಕೆಟ್ಟು.

ಹಾಗಂತ ನೂಕುನುಗ್ಗಲಿನಿಂದ ಕೇಡೇ ಇಲ್ಲವೆ? ಇದೆ. ಕುಮಾರ ಪರ್ವತಕ್ಕೆ ಜನ ಸಂತೆಯಂತೆ ಸೇರಿದ ಮೇಲೆ 2024ರಲ್ಲಿ ಚಾರಣವನ್ನೇ ನಿಲ್ಲಿಸಿ, ಆನ್‌ಲೈನ್ ಬುಕ್ಕಿಂಗ್, ದಿನಕ್ಕಿಷ್ಟೇ ಮಂದಿ ಎಂದು ಕಟ್ಟುಪಾಡು ತರಬೇಕಾಯಿತು. ತಂದದ್ದು ಸರಿ. ಆದರೆ ಮಿತಿ ಎಂದರೆ ರಾಯರೂ ಸರದಿಯಲ್ಲಿ ನಿಲ್ಲಬೇಕು. ಅವರಿಗೆ ಬೇಕಿರುವುದು ಮಿತಿಯಲ್ಲ, ತಾವು ಒಳಹೊಕ್ಕ ಮೇಲೆ ಗೇಟು ಮುಚ್ಚುವುದು. ಬೀರುವಿನಲ್ಲಿರುವ ಅವರ ಆಲ್ಬಂ ಬಿಡಿಸಿ ನೋಡಿ: ಪ್ರವಾಸದ ಬಸ್ಸು, ಅದರ ಮುಂದೆ ಪುಳಿಯೋಗರೆ ಡಬ್ಬಿ ಹಿಡಿದ ಐವತ್ತು ಜನ, ನಡುವೆ ಬೆಲ್‌ಬಾಟಂ ತೊಟ್ಟ ರಾಯರು. ಅಂದಿನ ಗದ್ದಲ ಅವರದೇ.

ಆದ್ದರಿಂದ ಅವರನ್ನು ಬಿಟ್ಟು ಹೋಗಬೇಡಿ, ಆಗಸ್ಟಿನಲ್ಲಿ ಒಮ್ಮೆ ಜೋಗಕ್ಕೆ ಜೊತೆಗೇ ಕರೆದೊಯ್ಯಿರಿ. ಅವರ ಶ್ರೀಮತಿಯವರಿಗೆ ಟಿಕೆಟ್ಟಿನ ದುಡ್ಡೇ ಬೇಡ. ಅರವತ್ತು ದಾಟಿದ ರಾಯರಿಗೂ ಕೆಎಸ್‌ಆರ್‌ಟಿಸಿಯಲ್ಲಿ ಶೇ 25 ರಿಯಾಯಿತಿ ಉಂಟು.